ಎಂಬತ್ತು ದಾಟಿದವರಲ್ಲಿ ಖಿನ್ನತೆ: ಮನೆಯವರು ಗುರುತಿಸುವ ಮತ್ತು ನೆರವಾಗುವ ಬಗೆ

ಎಂಬತ್ತೋ ಎಂಬತ್ತೈದೋ ದಾಟಿದ ಅಜ್ಜನಾಗಲಿ ಆಯಿಯಾಗಲಿ ಊಟ ಕಡಿಮೆ ಮಾಡಿ, ಮಾತು ಬಿಟ್ಟು, ಗೋಡೆಯ ಕಡೆ ಹೊರಳಿ ಮಲಗತೊಡಗಿದರೆ ನಮ್ಮ ಬಾಗಲಕೋಟೆ ಸೀಮೆಯ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, 'ವಯಸ್ಸಾತು, ಇನ್ನ ಹಿಂಗ' ಎಂಬುದು. ಅದನ್ನು ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ. ಆದರೆ ಆ ಮಾತು ಬಂದ ಮೇಲೆ ವೈದ್ಯರ ಬಳಿ ಹೋಗುವ ವಿಚಾರ ಅಲ್ಲಿಗೇ ನಿಂತುಬಿಡುತ್ತದೆ. ದೇಶದಾದ್ಯಂತ 2017-18ರಲ್ಲಿ ನಡೆದ ವೃದ್ಧಾಪ್ಯ ಕುರಿತ ದೊಡ್ಡ ಸಮೀಕ್ಷೆಯಲ್ಲಿ 60 ದಾಟಿದವರ ಪೈಕಿ ಶೇ. 8.3ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು ಕಂಡಿದ್ದವು. ತಮಗೆ ಖಿನ್ನತೆ ಇದೆಯೆಂದು ವೈದ್ಯರಿಂದ ತಿಳಿದುಕೊಂಡವರು ಶೇ. 0.8 ಮಾತ್ರ. ಅಂದರೆ ಹತ್ತು ಜನರಲ್ಲಿ ಒಂಬತ್ತು ಜನರ ಬೇನೆಗೆ ಹೆಸರೇ ಸಿಕ್ಕಿರಲಿಲ್ಲ.

ವಯಸ್ಸು ಖಿನ್ನತೆಗೆ ನೇರ ಕಾರಣವಲ್ಲ. ಅತಿ ವೃದ್ಧರಲ್ಲಿ ಖಿನ್ನತೆ ಹೆಚ್ಚಾಗಿ ಕಾಣುವುದಕ್ಕೆ ಬಹುಪಾಲು ಕಾರಣ, ಆ ವಯಸ್ಸಿನಲ್ಲಿ ಒಟ್ಟಿಗೆ ಬಂದು ಸೇರುವ ಬೇರೆ ಸಂಗತಿಗಳು: ಕೈಕಾಲು ಸಾಗದಿರುವುದು, ಕಿವಿ ಕೇಳದಿರುವುದು, ಜೊತೆಗಾರರು ತೀರಿಕೊಳ್ಳುವುದು, ಮನೆಯಲ್ಲಿ ಮಾಡಲು ಕೆಲಸವಿಲ್ಲದಿರುವುದು, ಹತ್ತಾರು ಗುಳಿಗೆಗಳು. ಇವುಗಳಲ್ಲಿ ಕೆಲವನ್ನು ಸರಿಪಡಿಸಬಹುದು, ಕೆಲವನ್ನು ಹಗುರಗೊಳಿಸಬಹುದು. ಆದ್ದರಿಂದ ಮನೆಯವರು ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ಇಲ್ಲಿ ಹೇಳಿದ್ದೇನೆ.

ಮೊದಲ ಹೆಜ್ಜೆ: ಎರಡು ವಾರ ಗಮನವಿಟ್ಟು ನೋಡಿ, ಬರೆದಿಡಿ

ಅತಿ ವೃದ್ಧರ ಖಿನ್ನತೆಯಲ್ಲಿ ಅಳು ಕಡಿಮೆ, ಮೈನೋವಿನ ದೂರು ಹೆಚ್ಚು. 'ಬ್ಯಾಸರಾಗೈತಿ' ಎನ್ನುವ ಬದಲು 'ಎದಿ ಉರೀತೈತಿ, ತಲಿ ಗಿಂವ್ ಅಂತೈತಿ, ಬಾಯಿಗೆ ರುಚಿ ಇಲ್ಲ, ಮೈಯಾಗ ಕಸುವಿಲ್ಲ' ಎನ್ನುತ್ತಾರೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಮೊಮ್ಮಕ್ಕಳು ಬಂದರೂ ಎದ್ದು ಕೂಡ್ರುವುದಿಲ್ಲ, ಗುಡಿಯ ಗಂಟೆ ಕೇಳಿದರೂ ಕೈ ಮುಗಿಯುವುದಿಲ್ಲ, ಮೊದಲು ತಾವೇ ಕೇಳಿ ತರಿಸಿಕೊಳ್ಳುತ್ತಿದ್ದ ಚಹಾ ತಣ್ಣಗಾಗುವವರೆಗೆ ಹಾಗೇ ಇರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನವೂ ನಾಲ್ಕು ಸಾಲು ಬರೆಯಿರಿ: ಎಷ್ಟು ಉಂಡರು, ಯಾವಾಗ ಮಲಗಿ ಯಾವಾಗ ಎದ್ದರು, ಯಾರ ಜೊತೆ ಮಾತನಾಡಿದರು, ಯಾವುದನ್ನಾದರೂ ಇಷ್ಟಪಟ್ಟು ಮಾಡಿದರೇ. ವೈದ್ಯರ ಮುಂದೆ 'ಮೊದಲಿನ ಹಂಗಿಲ್ಲ' ಎಂದು ಹೇಳುವುದಕ್ಕಿಂತ ಈ ಪುಟಗಳು ನೂರು ಪಾಲು ಉಪಯುಕ್ತ.

ಸಾವಿನ ಮಾತನಾಡುವ ಹಿರಿಯರೆಲ್ಲ ಖಿನ್ನರಲ್ಲ ಎಂಬುದೂ ನೆನಪಿರಲಿ. 'ಇನ್ನ ಸಾಕಪ್ಪಾ, ಶಿವಾ ಕರಕೊಂಡ್ರ ಛಲೋ' ಎಂದು ಹೇಳಿ, ಮರುಕ್ಷಣವೇ ಮರಿಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ನಗುವ ಆಯಿ ಬಾಳು ಮುಗಿಯುವುದನ್ನು ಒಪ್ಪಿಕೊಂಡಿದ್ದಾಳೆ, ಅಷ್ಟೇ. ಗಂಡನನ್ನು ಕಳೆದುಕೊಂಡವರ ದುಃಖವೂ ರೋಗವಲ್ಲ. ಅದು ಅಲೆಯಲೆಯಾಗಿ ಬಂದು ಹೋಗುತ್ತದೆ, ನಡುನಡುವೆ ಹಳೆಯ ನೆನಪಿಗೆ ಮುಖ ಅರಳುತ್ತದೆ. ಯಾವುದಕ್ಕೂ ಮುಖ ಅರಳದೆ ದಿನವಿಡೀ ಒಂದೇ ಸಮ ಇರುವ ಸ್ಥಿತಿ ಎರಡು ವಾರ ಮುಂದುವರಿದರೆ ಅದನ್ನು ಖಿನ್ನತೆಯೆಂದು ಶಂಕಿಸಬೇಕು.

ಎರಡು ವಾರ ಕಾಯಲೇಬಾರದ ಒಂದು ಸ್ಥಿತಿಯಿದೆ. ನಿನ್ನೆಯವರೆಗೆ ಸರಿಯಿದ್ದವರು ಒಂದೆರಡು ದಿನಗಳಲ್ಲೇ ಮಂಕಾಗಿ, ಹಗಲು ನಿದ್ದೆ ರಾತ್ರಿ ಬಡಬಡಿಕೆ ಎನ್ನುವಂತಾಗಿ, ಮನೆಯವರ ಗುರುತು ತಪ್ಪತೊಡಗಿದರೆ ಅದು ಸಾಮಾನ್ಯವಾಗಿ ಖಿನ್ನತೆಯಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸ ಗುಳಿಗೆಯೊಂದರ ಪರಿಣಾಮ, ಇವುಗಳಲ್ಲಿ ಯಾವುದಾದರೂ ಇರಬಹುದು. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಎರಡನೆಯ ಹೆಜ್ಜೆ: ಒಬ್ಬರೇ ಇರುವಾಗ ಕೇಳಿ

ಮಗ, ಸೊಸೆ, ಬೀಗರು ಎಲ್ಲ ಕೂತಿರುವ ಪಡಸಾಲೆಯಲ್ಲಿ 'ಏನಾಗೈತಿ ಹೇಳು' ಎಂದರೆ ಯಾವ ಹಿರಿಯರೂ ಹೇಳುವುದಿಲ್ಲ. ಮಕ್ಕಳ ಮರ್ಯಾದೆ ಹೋದೀತು ಎಂಬ ಅಂಜಿಕೆ ಅವರಿಗಿರುತ್ತದೆ. ಒಬ್ಬರೇ ಇರುವಾಗ, ಚೆನ್ನಾಗಿ ಕೇಳುವ ಕಿವಿಯ ಕಡೆ, ಮುಖ ಕಾಣುವಂತೆ ಕೂತು, ಅವರ ಮಾತಿನಲ್ಲೇ ಕೇಳಿ: 'ಯವ್ವಾ, ಈ ಹದಿನೈದು ದಿನದಾಗ ನಿನಗ ಯಾವದರ ಮ್ಯಾಗರ ಮನಸ್ಸಾಗೇತೇನು?' 'ರಾತ್ರಿ ಎಚ್ಚರ ಆದಾಗ ಏನ ವಿಚಾರ ಬರ್ತಾವ?' 'ನಾ ಯಾರಿಗೂ ಬ್ಯಾಡಾಗೇನಿ ಅಂತ ಅನಸತೈತೇನು?' ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಆ ಮೌನದಲ್ಲಿ ನಾವೇ ಸಮಾಧಾನ ಹೇಳಲು ಹೋದರೆ ಬರಬೇಕಾದ ಮಾತು ಒಳಗೇ ಉಳಿಯುತ್ತದೆ.

ವೈದ್ಯರು ಮತ್ತು ಆಪ್ತ ಸಮಾಲೋಚಕರು ಹಿರಿಯರಿಗೆಂದೇ ರೂಪಿಸಿದ 15 ಪ್ರಶ್ನೆಗಳ ಖಿನ್ನತಾ ಮಾಪನವನ್ನು ಬಳಸುತ್ತಾರೆ. ಉತ್ತರ ಹೌದು ಅಥವಾ ಇಲ್ಲ ಎಂದಷ್ಟೇ ಇರುವುದರಿಂದ ಓದು ಬಾರದವರಿಗೂ ಕೇಳಬಹುದು. ಐದು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಬೇಕು ಎಂದರ್ಥ; ಅದರಿಂದಲೇ ರೋಗ ನಿರ್ಧಾರವಾಗುವುದಿಲ್ಲ. ಮರೆವಿನ ಕಾಯಿಲೆ ಬಲಿತವರಲ್ಲಿ ಈ ಪ್ರಶ್ನೆಗಳು ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ, ಅಲ್ಲಿ ಆರೈಕೆ ಮಾಡುವವರು ಕಂಡದ್ದೇ ಮುಖ್ಯವಾಗುತ್ತದೆ.

ಜೀವ ಕಳೆದುಕೊಳ್ಳುವ ವಿಚಾರ ಬಂದಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಕೇಳುವುದರಿಂದ ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದು ಎಂಬ ಉತ್ತರ ಬಂದರೆ, ಅಥವಾ ಅವರು ಅನ್ನ ನೀರು ಬಿಟ್ಟು ಕೂತರೆ, ಒಬ್ಬರನ್ನೇ ಬಿಡಬೇಡಿ ಮತ್ತು ಅದೇ ದಿನ ವೈದ್ಯರಿಗೆ ತೋರಿಸಿ. ಒಕ್ಕಲುತನದ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿ ಮನೆಯ ಮೂಲೆಯಲ್ಲೇ ಇರುತ್ತದೆ. ಅದನ್ನು ಕೂಡಲೇ ಮನೆಯಿಂದ ಹೊರಗೆ, ಕೀಲಿ ಹಾಕಿದ ಜಾಗಕ್ಕೆ ಸಾಗಿಸಿ. ಗುಳಿಗೆಗಳ ಚೀಲವನ್ನು ಬೇರೊಬ್ಬರು ಇಟ್ಟುಕೊಂಡು ಹೊತ್ತು ಹೊತ್ತಿಗೆ ಕೊಡಲಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಮೂರನೆಯ ಹೆಜ್ಜೆ: ಜೊತೆಗಿರುವ ಕಾರಣಗಳನ್ನು ಒಂದೊಂದಾಗಿ ಹುಡುಕಿ

ಕಿವಿಯಿಂದ ಆರಂಭಿಸಿ ಎಂಬುದು ನನ್ನ ಸಲಹೆ, ಏಕೆಂದರೆ ಅತ್ಯಂತ ಸುಲಭವಾಗಿ ಕಡೆಗಣಿಸಲ್ಪಡುವುದು ಅದೇ. ಕಿವಿ ಕೇಳದವರು ಮನೆ ತುಂಬ ಜನರಿದ್ದರೂ ಒಂಟಿಯಾಗುತ್ತಾರೆ. ಎಲ್ಲರೂ ನಕ್ಕಾಗ ಏಕೆ ನಕ್ಕರೆಂದು ತಿಳಿಯದು, ಮತ್ತೆ ಮತ್ತೆ ಕೇಳಿದರೆ ಮಕ್ಕಳಿಗೆ ಸಿಟ್ಟು, ಕೊನೆಗೆ ಕೇಳುವುದನ್ನೇ ಬಿಡುತ್ತಾರೆ. ಕೆಲವರ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯನ್ನು ತೆಗೆಸಿದರೆ ಸಾಕು. ಇತರರಿಗೆ ಶ್ರವಣಯಂತ್ರ ಬೇಕಾಗುತ್ತದೆ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಶ್ರವಣಯಂತ್ರ, ಕನ್ನಡಕ, ಕೃತಕ ಹಲ್ಲು, ಊರುಗೋಲು ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ, ಜಿಲ್ಲಾ ಅಂಗವಿಕಲರ ಹಾಗೂ ಹಿರಿಯ ನಾಗರಿಕರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಕಣ್ಣಿನ ಪೊರೆಯ ವಿಷಯವೂ ಹಾಗೆಯೇ. 'ಈ ವಯಸ್ಸಿನ್ಯಾಗ ಆಪರೇಶನ್ ಯಾಕ' ಎಂದು ಮುಂದೂಡಿದ ಪೊರೆ ಒಬ್ಬ ಮನುಷ್ಯನಿಂದ ಅಂಗಳ, ಗುಡಿ, ಎದುರಿಗಿರುವವರ ಮುಖ ಎಲ್ಲವನ್ನೂ ಕಸಿದುಕೊಂಡಿರುತ್ತದೆ, ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ತೆಗೆಯುತ್ತಾರೆ.

ಮುಂದೆ ನೋಡಬೇಕಾದದ್ದು ನೋವು ಮತ್ತು ನಡಿಗೆ. ಸ್ನಾನ, ಬಟ್ಟೆ, ಬಚ್ಚಲಿಗೆ ಹೋಗುವುದು, ಉಣ್ಣುವುದು, ಹಾಸಿಗೆಯಿಂದ ಏಳುವುದು, ಇವುಗಳಲ್ಲಿ ಯಾವುದಕ್ಕೆ ಇನ್ನೊಬ್ಬರ ಕೈ ಬೇಕಾಗಿದೆ ಎಂದು ಲೆಕ್ಕ ಹಾಕಿ. ಪರಾವಲಂಬನೆ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು ಎಂಬುದು ಅತಿ ವೃದ್ಧರ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಅಂಶ. ಮೂತ್ರ ತಡೆಯಲಾಗದ ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದಕ್ಕೆ ಅಂಜಿ ಮದುವೆ, ಜಾತ್ರೆ, ಭಜನೆ ಎಲ್ಲ ಬಿಟ್ಟವರು ಬಹಳ ಜನ. ಒಮ್ಮೆ ಬಿದ್ದವರು ಮತ್ತೆ ಬೀಳುವ ಭಯದಿಂದ ಹೊರಸು ಬಿಟ್ಟು ಇಳಿಯುವುದಿಲ್ಲ. ಬಚ್ಚಲ ಮನೆಗೆ ಹಿಡಿಕೆ, ರಾತ್ರಿ ಸಣ್ಣ ದೀಪ, ಕಮೋಡ್ ಕುರ್ಚಿ, ಜಾರದ ಚಪ್ಪಲಿ, ಇವು ಮನಸ್ಸಿನ ಚಿಕಿತ್ಸೆಯ ಭಾಗವೇ ಎಂದು ತಿಳಿಯಿರಿ.

ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಹೃದ್ರೋಗ, ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆ, ಮರೆವು ಇವುಗಳ ಜೊತೆಗೂ ಅದು ಬರುತ್ತದೆ. ಥೈರಾಯ್ಡ್ ಕುಂದುವುದು, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ, ಈ ಮೂರೂ ಖಿನ್ನತೆಯಂತೆಯೇ ಕಾಣಬಲ್ಲವು. ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ, ಹಲ್ಲು ಹೋಗಿ ಹಾಲು ಮೊಸರೂ ಕಡಿಮೆಯಾದವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹಳ ವರ್ಷಗಳಿಂದ ನುಂಗುತ್ತಿರುವವರಲ್ಲಿ ಬಿ12 ಕೊರತೆಯ ಸಂಭವ ಹೆಚ್ಚು. ರೊಟ್ಟಿ ಅಗಿಯಲು ಬಾರದವರಿಗೆ ನೆನೆಸಿದ ರೊಟ್ಟಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಹೆಸರುಬೇಳೆ, ಮಜ್ಜಿಗೆ ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಿ.

ಗುಳಿಗೆಗಳನ್ನೂ ಶಂಕಿಸಬೇಕು. ತಲೆಸುತ್ತಿಗೆಂದು ಎಂದೋ ಬರೆದುಕೊಟ್ಟ ಸಿನ್ನರಿಜಿನ್ ಅಥವಾ ಫ್ಲುನಾರಿಜಿನ್, ನಿದ್ದೆಗೆಂದು ವರ್ಷಗಟ್ಟಲೆ ನುಂಗುವ ಆಲ್ಪ್ರಜೋಲಾಮ್, ಉಬ್ಬಸಕ್ಕೋ ಕೀಲುನೋವಿಗೋ ಕೊಟ್ಟ ಸ್ಟೀರಾಯ್ಡ್, ಇವು ಮನಸ್ಸನ್ನು ಕುಗ್ಗಿಸಬಲ್ಲವು. ಆದರೆ ಯಾವುದನ್ನೂ ನೀವೇ ಒಮ್ಮೆಲೇ ನಿಲ್ಲಿಸಬೇಡಿ. ಆಲ್ಪ್ರಜೋಲಾಮ್ ಮತ್ತು ಸ್ಟೀರಾಯ್ಡ್ ಹಠಾತ್ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಇನ್ನುಳಿದದ್ದು ಬದುಕಿನಲ್ಲಿ ಆದ ನಷ್ಟಗಳು. ಗಂಡ ಅಥವಾ ಹೆಂಡತಿಯ ಸಾವು ಎಲ್ಲರಿಗೂ ಕಾಣುತ್ತದೆ. ಆದರೆ ಎಂಬತ್ತೈದರ ತಾಯಿ ಅರವತ್ತರ ಮಗನನ್ನು ಕಳೆದುಕೊಂಡಾಗ ಸಾಂತ್ವನವೆಲ್ಲ ಸೊಸೆ ಮೊಮ್ಮಕ್ಕಳ ಕಡೆ ಹೋಗುತ್ತದೆ, ಮುದುಕಿಯ ಮುಂದೆ ಕೂಡ್ರುವವರು ಯಾರೂ ಇರುವುದಿಲ್ಲ. ವಿಧವೆಯರನ್ನು ಇಂದಿಗೂ ಉಡಿ ತುಂಬುವಾಗ, ಆರತಿ ಬೆಳಗುವಾಗ ಹಿಂದೆ ಸರಿಸುವ ಮನೆಗಳಿವೆ. ತಾನೇ ಹೆತ್ತು ಬೆಳೆಸಿದ ಮನೆಯಲ್ಲಿ, ತನ್ನದೇ ಮೊಮ್ಮಗಳ ಮದುವೆಯಲ್ಲಿ, ಹಾಗೆ ಹಿಂದೆ ನಿಲ್ಲಬೇಕಾದ ನೋವನ್ನು ಯಾವ ಗುಳಿಗೆಯೂ ತೆಗೆಯಲಾರದು. ಆ ಪದ್ಧತಿಯನ್ನು ಮನೆಯವರೇ ಬಿಡಬೇಕು.

ನಮ್ಮ ಕಡೆಯ ಇನ್ನೊಂದು ವ್ಯವಸ್ಥೆ ಪಾಳಿ: ಮೂವರು ಗಂಡುಮಕ್ಕಳಿದ್ದರೆ ತಿಂಗಳಿಗೊಬ್ಬರಂತೆ ತಂದೆ ತಾಯಿಯನ್ನು ಇಟ್ಟುಕೊಳ್ಳುವುದು. ನ್ಯಾಯವಾಗಿ ಹಂಚಿಕೊಂಡೆವೆಂದು ಮಕ್ಕಳಿಗೆ ಅನಿಸುತ್ತದೆ. ಆದರೆ ಮೂವತ್ತು ದಿನಕ್ಕೊಮ್ಮೆ ಸೀರೆಯ ಗಂಟು ಕಟ್ಟಿಕೊಂಡು ಹೊರಡುವ, ಕತ್ತಲಲ್ಲಿ ಬಚ್ಚಲು ಎಲ್ಲಿದೆ ಎಂದು ಪ್ರತಿ ಸಲ ಹೊಸದಾಗಿ ತಡಕಾಡುವ, ಕೆಲವೊಮ್ಮೆ ಗಂಡ ಒಬ್ಬ ಮಗನ ಬಳಿ ತಾನು ಇನ್ನೊಬ್ಬನ ಬಳಿ ಎಂದು ಬೇರೆಯಾಗಿ ಇರಬೇಕಾದ ಮುದುಕಿಗೆ ತನ್ನದೆಂಬ ಜಾಗವೇ ಇರುವುದಿಲ್ಲ. ಸಾಧ್ಯವಿದ್ದರೆ ಅವರು ಒಂದೇ ಮನೆಯಲ್ಲಿರಲಿ, ಖರ್ಚು ಮತ್ತು ಆರೈಕೆಯ ಕೆಲಸ ಪಾಳಿಯ ಮೇಲೆ ಬರಲಿ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಹೊಲ ಕಳೆದುಕೊಂಡು ಬಾಗಲಕೋಟೆಯ ನವನಗರಕ್ಕೋ ಪುನರ್ವಸತಿ ಕೇಂದ್ರಕ್ಕೋ ಬಂದವರಲ್ಲಿ ಈಗ ಎಂಬತ್ತು ದಾಟಿದವರಿದ್ದಾರೆ. ಅವರ ಓಣಿ ಚದುರಿಹೋಗಿದೆ, ಜೊತೆಗೆ ಕೂಡ್ರುತ್ತಿದ್ದ ಕಟ್ಟೆಯ ಗೆಳೆಯರು ಬೇರೆ ಬೇರೆ ಸೆಕ್ಟರ್‌ಗಳಲ್ಲಿ ಇದ್ದಾರೆ ಅಥವಾ ಈಗಿಲ್ಲ. ಮಕ್ಕಳು ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋದ ಮನೆಗಳಲ್ಲಿ ಮುದುಕರಿಬ್ಬರೇ ಉಳಿಯುತ್ತಾರೆ, ಆಮೇಲೆ ಒಬ್ಬರೇ.

ಒಂಟಿತನವನ್ನು ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ನೆದರ್ಲೆಂಡ್ಸಿನ ಲೈಡೆನ್ ನಗರದಲ್ಲಿ 85 ತುಂಬಿದವರನ್ನು ಹಲವು ವರ್ಷ ಗಮನಿಸಿದ ಅಧ್ಯಯನದಲ್ಲಿ ಖಿನ್ನತೆಯೊಂದೇ ಅಥವಾ ಒಂಟಿತನವೊಂದೇ ಇದ್ದವರಲ್ಲಿ ಸಾವಿನ ಪ್ರಮಾಣ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಎರಡೂ ಕೂಡಿದ್ದವರಲ್ಲಿ ಅದು ಸುಮಾರು ಎರಡು ಪಟ್ಟಾಗಿತ್ತು.

ನಾಲ್ಕನೆಯ ಹೆಜ್ಜೆ: ವೈದ್ಯರಿಗೆ ತೋರಿಸಿ

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಮನೆಯ ವೈದ್ಯರು ಸಾಕು. ಬರೆದಿಟ್ಟ ನೋಟ್‌ಬುಕ್ ಮತ್ತು ಎಲ್ಲ ಗುಳಿಗೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಆಯುರ್ವೇದದ್ದು, ಅಂಗಡಿಯಿಂದ ತಂದ ನೋವಿನ ಗುಳಿಗೆಗಳೂ ಇರಲಿ. ರಕ್ತದ ಪ್ರಮಾಣ, ಸಕ್ಕರೆ, ಥೈರಾಯ್ಡ್, ಬಿ12, ಸೋಡಿಯಂ, ಮೂತ್ರಪಿಂಡದ ಪರೀಕ್ಷೆಗಳು ಬೇಕೇ ಎಂದು ಕೇಳಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ತಿಳಿದುಕೊಂಡರೆ ಮುದುಕರನ್ನು ಬಸ್ಸಿನಲ್ಲಿ ಸುಮ್ಮನೆ ಅಲೆದಾಡಿಸುವುದು ತಪ್ಪುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತೀವ್ರವಾದ, ಗೊಂದಲದ ಸ್ಥಿತಿಗಳಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿಯವರೆಲ್ಲ ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು.

ಮರೆವೋ ಖಿನ್ನತೆಯೋ ಎಂಬ ಪ್ರಶ್ನೆ ಅಲ್ಲಿ ಖಂಡಿತ ಬರುತ್ತದೆ. ಸಾಮಾನ್ಯವಾಗಿ ಖಿನ್ನತೆಯಿರುವವರು 'ನನಗೇನೂ ನೆನಪಾಗವಲ್ದು' ಎಂದು ತಾವೇ ಹೇಳಿಕೊಳ್ಳುತ್ತಾರೆ, ಬದಲಾವಣೆ ಕೆಲವು ವಾರಗಳಲ್ಲಿ ಆಗಿರುತ್ತದೆ. ಮರೆವಿನ ಕಾಯಿಲೆಯವರು ಮರೆತದ್ದನ್ನು ಮುಚ್ಚಿಡಲು ನೋಡುತ್ತಾರೆ, ಅದು ವರ್ಷಗಳಿಂದ ನಿಧಾನವಾಗಿ ಬಂದಿರುತ್ತದೆ. ಎರಡೂ ಒಟ್ಟಿಗೆ ಇರುವುದುಂಟು, ಆದ್ದರಿಂದ ಈ ತೀರ್ಮಾನವನ್ನು ವೈದ್ಯರಿಗೇ ಬಿಡಿ.

ಐದನೆಯ ಹೆಜ್ಜೆ: ಔಷಧ ಕೊಟ್ಟರೆ ತಾಳ್ಮೆಯಿಂದ ಕೊಡಿ

ಈ ವಯಸ್ಸಿನವರಿಗೆ ಎಸ್ಸಿಟಾಲೊಪ್ರಾಮ್, ಸರ್ಟ್ರಾಲೀನ್‌ನಂಥ ಗುಳಿಗೆಗಳನ್ನು ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುತ್ತಾರೆ. ಹಸಿವೆ ಮತ್ತು ನಿದ್ದೆ ಎರಡೂ ಹೋದವರಿಗೆ ಮಿರ್ಟಜಪೀನ್ ಕೊಡುವುದುಂಟು. ನಾಲ್ಕರಿಂದ ಆರು ವಾರ, ಕೆಲವರಲ್ಲಿ ಎರಡು ಮೂರು ತಿಂಗಳು ಕಳೆಯುವವರೆಗೆ ಪೂರ್ಣ ಗುಣ ಕಾಣುವುದಿಲ್ಲ. ಹತ್ತು ದಿನಕ್ಕೆ 'ಏನೂ ಫರಕ ಆಗಿಲ್ಲ' ಎಂದು ನಿಲ್ಲಿಸುವುದೇ ಚಿಕಿತ್ಸೆ ಸೋಲುವ ದೊಡ್ಡ ಕಾರಣ. ಮೊದಲ ಕೆಲವು ವಾರಗಳಲ್ಲಿ, ವಿಶೇಷವಾಗಿ ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಲ್ಲಿ, ಸೋಡಿಯಂ ಇಳಿಯಬಹುದು: ಹೊಸದಾಗಿ ಮಂಕು, ವಾಕರಿಕೆ, ತೂರಾಟ ಕಂಡರೆ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ. ಆಸ್ಪಿರಿನ್ ಅಥವಾ ನೋವಿನ ಗುಳಿಗೆಯ ಜೊತೆ ನುಂಗುವಾಗ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವವಿರುವುದರಿಂದ ಅವುಗಳನ್ನು ವೈದ್ಯರಿಗೆ ಹೇಳಲೇಬೇಕು. ಹಳೆಯ ಅಮಿಟ್ರಿಪ್ಟಿಲೀನ್ ಮಲಬದ್ಧತೆ, ಮೂತ್ರ ಕಟ್ಟುವುದು, ಗೊಂದಲ ತರುವುದರಿಂದ ಅತಿ ವೃದ್ಧರಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ.

ಅನ್ನ ನೀರು ಪೂರ್ತಿ ಬಿಟ್ಟವರಿಗೆ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆಯನ್ನು ಮನೋವೈದ್ಯರು ಸೂಚಿಸಿದರೆ ಹೆದರಿ ಹಿಂದೆ ಸರಿಯಬೇಡಿ. ಹೃದಯದ ಸ್ಥಿತಿ ನೋಡಿಕೊಂಡು ಮಾಡಿದಾಗ ಈ ವಯಸ್ಸಿನಲ್ಲೂ ಅದು ಜೀವ ಉಳಿಸುತ್ತದೆ.

ಆರನೆಯ ಹೆಜ್ಜೆ: ದಿನಕ್ಕೊಂದು ಕೆಲಸ, ದಿನಕ್ಕೊಬ್ಬರ ಮಾತು

'ನೀ ಏನೂ ಮಾಡಬ್ಯಾಡ, ಸುಮ್ನ ಕೂಡು' ಎಂಬ ಪ್ರೀತಿಯ ಮಾತಿನಿಂದ ಕೆಡುಕೇ ಹೆಚ್ಚು. ನಮ್ಮ ಪಕ್ಕದ ಗೋವಾದಲ್ಲಿ ಲಘು ಲಕ್ಷಣಗಳಿದ್ದ 60 ದಾಟಿದವರ ಜೊತೆ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಕೂತು ಮಾತನಾಡಿದರು. ದಿನನಿತ್ಯದ ಸಮಸ್ಯೆಯನ್ನು ಸಣ್ಣ ತುಂಡುಗಳಾಗಿ ಮಾಡಿ ಬಿಡಿಸುವುದು, ನಿದ್ದೆಯ ಶಿಸ್ತು, ಸಕ್ಕರೆ ಕಾಯಿಲೆಯಂಥವುಗಳ ಆರೈಕೆ, ಸರಕಾರಿ ಸವಲತ್ತು ಪಡೆಯಲು ನೆರವು, ಇಷ್ಟನ್ನೇ ಹೇಳಿಕೊಟ್ಟರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಪೂರ್ಣ ಖಿನ್ನತೆಗೆ ಜಾರಿದವರು ಈ ನೆರವು ಪಡೆದವರಲ್ಲಿ ನೂರಕ್ಕೆ ಸುಮಾರು ನಾಲ್ಕು, ಪಡೆಯದವರಲ್ಲಿ ಸುಮಾರು ಹದಿನಾಲ್ಕು.

ಮನೆಯಲ್ಲಿ ಇದನ್ನು ಹೀಗೆ ಮಾಡಬಹುದು. ಮೊದಲ ವಾರ ಒಂದೇ ಗುರಿ: ಬೆಳಿಗ್ಗೆ ಎದ್ದು ಮುಖ ತೊಳೆದು, ಹಗಲು ಹೊತ್ತು ಹೊರಸಿನಿಂದ ಹೊರಬಂದು ಅರ್ಧ ತಾಸು ಅಂಗಳದ ಬಿಸಿಲಿಗೆ ಕೂಡ್ರುವುದು. ಮನಸ್ಸಾದಾಗ ಮಾಡಲಿ ಎಂದು ಕಾಯಬೇಡಿ; ಈ ಬೇನೆಯಲ್ಲಿ ಮಾಡಿದ ಮೇಲೆ ಮನಸ್ಸಾಗುತ್ತದೆಯೇ ಹೊರತು ಮೊದಲೇ ಆಗುವುದಿಲ್ಲ. ಎರಡನೆಯ ವಾರ ಅವರಿಗೆ ಬರುವ ಕೆಲಸವೊಂದನ್ನು ಕೈಗೆ ಕೊಡಿ: ಬತ್ತಿ ಹೊಸೆಯುವುದು, ಶೇಂಗಾ ಸುಲಿಯುವುದು, ಜೋಳ ಹಸನು ಮಾಡುವುದು, ಕಣ್ಣು ಚೆನ್ನಾಗಿದ್ದರೆ ಕೌದಿಗೆ ಹೊಲಿಗೆ ಹಾಕುವುದು. ಇಳಕಲ್ಲು, ಗುಳೇದಗುಡ್ಡದ ನೇಕಾರ ಮನೆಗಳ ಹಿರಿಯರಿಗೆ ಮಗ್ಗದ ಕುಣಿಯಲ್ಲಿ ಕೂಡ್ರಲಾಗದಿದ್ದರೂ ಕಂಡಿಕೆ ಸುತ್ತುವುದು, ನೇಯ್ದ ಸೆರಗನ್ನು ಬೆರಳಿನಿಂದ ಮುಟ್ಟಿ ತಪ್ಪು ಹೇಳುವುದು ಸಾಧ್ಯ. ಆ ಕೆಲಸ ನಿಜವಾಗಿ ಮನೆಗೆ ಬೇಕಾದದ್ದಾಗಿರಬೇಕು. ಸುಲಿದ ಶೇಂಗಾದ ಹಿಂಡಿ ಅದೇ ದಿನ ಊಟಕ್ಕೆ ಬರಲಿ, ಅದು ಅವರಿಗೆ ಗೊತ್ತಾಗಲಿ.

ದಿನಕ್ಕೊಬ್ಬರು ಹತ್ತು ನಿಮಿಷವಾದರೂ ಮೊಬೈಲ್ ಬದಿಗಿಟ್ಟು ಅವರ ಜೊತೆ ಕೂಡ್ರಿ. ಹೊರ ಊರಿನ ಮಕ್ಕಳು ವಾರದಲ್ಲಿ ನಿಗದಿಯಾದ ದಿನ, ನಿಗದಿಯಾದ ಹೊತ್ತಿಗೆ ವಿಡಿಯೋ ಕರೆ ಮಾಡಲಿ. ಯಾವಾಗಲೋ ಬರುವ ದೀರ್ಘ ಕರೆಗಿಂತ ಬಂದೇ ಬರುತ್ತದೆ ಎಂದು ಕಾಯಬಹುದಾದ ಸಣ್ಣ ಕರೆ ಮೇಲು. ಹಳೆಯ ಓಣಿಯ ಗೆಳೆಯರು ಬದುಕಿದ್ದರೆ ತಿಂಗಳಿಗೊಮ್ಮೆ ಆಟೋ ಮಾಡಿ ಭೇಟಿ ಮಾಡಿಸಿ. ಮಠದ ಪ್ರವಚನ, ಗುಡಿಯ ಭಜನೆ, ಮಸೀದಿಯ ನಮಾಜು, ಯಾವುದು ಅವರದೋ ಅಲ್ಲಿಗೆ ಕೈ ಹಿಡಿದು ಕರೆದೊಯ್ಯಿರಿ.

ಪಿಂಚಣಿಯ ಹಣ ಅವರ ಕೈಯಲ್ಲೇ ಇರಲಿ. ಮೊಮ್ಮಗನಿಗೆ ಹತ್ತು ರೂಪಾಯಿ ಕೊಡುವ ಸ್ವಾತಂತ್ರ್ಯ ಅವರಿಗೆ ಬೇಕು. ಮನೆಯಲ್ಲಿ ಊಟ, ಆಸರೆ ಸಿಗದ ಅಥವಾ ಬೈಗುಳ, ಹೊಡೆತ ತಿನ್ನುವ ಹಿರಿಯರ ಖಿನ್ನತೆಗೆ ಮೊದಲ ಚಿಕಿತ್ಸೆ ರಕ್ಷಣೆಯೇ: ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಬಾಗಲಕೋಟೆ ಅಥವಾ ಜಮಖಂಡಿಯ ಉಪವಿಭಾಗಾಧಿಕಾರಿಗಳಲ್ಲಿ ಅರ್ಜಿ ಕೊಡಬಹುದು.

ಆರೈಕೆ ಮಾಡುವವರನ್ನೂ ನೋಡಿಕೊಳ್ಳಿ. ಬಹುತೇಕ ಮನೆಗಳಲ್ಲಿ ಆ ಭಾರ ಒಬ್ಬ ಸೊಸೆಯ ಮೇಲಿರುತ್ತದೆ, ಆಕೆಗೂ ಅರವತ್ತರ ಹತ್ತಿರವಾಗಿರುತ್ತದೆ, ಆಕೆಯ ಮಂಡಿಯೂ ನೋಯುತ್ತಿರುತ್ತದೆ. ವಾರಕ್ಕೆ ಒಂದು ದಿನ ಗಂಡುಮಕ್ಕಳು ಸ್ನಾನ ಮಾಡಿಸುವುದು, ಉಣಿಸುವುದು, ರಾತ್ರಿ ಎದ್ದು ನೋಡುವುದನ್ನು ತಾವೇ ಮಾಡಲಿ.

ಗುಣ ಕಂಡ ಮೇಲೆ

ಮುಖದಲ್ಲಿ ಕಳೆ ಬಂದು, ಊಟ ಸೇರಿ, ಚಹಾ ಕೇಳತೊಡಗಿದ ಮೇಲೆ ಗುಳಿಗೆ ನಿಲ್ಲಿಸುವ ಆತುರ ಬೇಡ. ಗುಣವಾದ ನಂತರವೂ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ, ಮೊದಲೂ ಖಿನ್ನತೆ ಬಂದುಹೋದವರಿಗೆ ಇನ್ನೂ ಹೆಚ್ಚು ಕಾಲ ಮುಂದುವರಿಸಿ, ನಿಲ್ಲಿಸುವಾಗ ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಇಳಿಸಬೇಕು. ಅಲ್ಲಿಯವರೆಗೆ ನೋಟ್‌ಬುಕ್ಕಿನ ನಾಲ್ಕು ಸಾಲುಗಳನ್ನು ವಾರಕ್ಕೊಮ್ಮೆಯಾದರೂ ಬರೆಯುತ್ತಿರಿ. ಗಂಡನ ಅಥವಾ ಮಗನ ವರ್ಷಾಂತಿಕದ ಸುತ್ತಮುತ್ತ, ಹೊಸ ಕಾಯಿಲೆಯಿಂದ ಆಸ್ಪತ್ರೆ ಸೇರಿ ಬಂದ ಮೇಲೆ, ಮನೆ ಬದಲಾಯಿಸಿದಾಗ ಹೆಚ್ಚು ಗಮನವಿರಲಿ. ಬೆಳಗಿನ ಜಾವದ ಎಚ್ಚರ ಮತ್ತು ತಟ್ಟೆಯಲ್ಲಿ ಉಳಿಯುವ ಅನ್ನ ಒಂದು ವಾರ ಮರುಕಳಿಸಿದರೆ ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ವೈದ್ಯರಿಗೆ ತಿಳಿಸಿ.